ರಜೆಯ ದಟ್ಟಣೆಯಲ್ಲಿ ಕೌದಿ ಕಾಯುವ ಕೆಲಸ: ಸಂಗ್ರಹಾಲಯಕ್ಕೆ ಹೊಸದಾಗಿ ಸೇರುವವರಿಗೆ

ದಸರಾ ರಜೆ ಶುರುವಾದಲ್ಲಿಂದ ಸಂಕ್ರಾಂತಿ ಮುಗಿಯುವವರೆಗೆ ಶಿವಮೊಗ್ಗ ಜಿಲ್ಲೆಯ ರಸ್ತೆಗಳಲ್ಲಿ ಪ್ರವಾಸಿಗರ ವಾಹನಗಳಿಗೆ ಬಿಡುವಿರುವುದಿಲ್ಲ. ಜೋಗ, ಸಿಗಂದೂರು, ಸಕ್ರೆಬೈಲು, ಕುಪ್ಪಳಿ, ಆಗುಂಬೆ ಎಂದು ಸುತ್ತುವವರು ನಡುವೆ ಒಂದೆರಡು ಗಂಟೆ ಉಳಿದರೆ, ಹಳೆಯ ತೊಟ್ಟಿಮನೆಯಲ್ಲಿ ಕೌದಿ (ಹಳೆಯ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ), ಕಂಬಳಿಗಳನ್ನು ಜೋಡಿಸಿಟ್ಟಿರುವ ಸಂಗ್ರಹಾಲಯದ ಫಲಕ ಕಂಡು ಒಳಗೆ ಬರುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಇಬ್ಬರು ಮೂವರಿಂದ ನಡೆಯುವ ಇಂಥ ಜಾಗಕ್ಕೆ ಆಗ ಇನ್ನೂ ನಾಲ್ಕು ಜನ ಬೇಕಾಗುತ್ತಾರೆ. ಪದವಿ ಓದುತ್ತಿರುವ ಹುಡುಗ ಹುಡುಗಿಯರನ್ನೋ, ಹೊಲಿಗೆ ಬಲ್ಲ ಗೃಹಿಣಿಯರನ್ನೋ, ನಿವೃತ್ತ ಶಿಕ್ಷಕರನ್ನೋ ಎರಡು ಮೂರು ತಿಂಗಳ ಮಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಈ ಬರಹ ಅವರಿಗಾಗಿ.

ಮೊದಲೇ ತಿಳಿದಿರಬೇಕಾದ ಮಾತೊಂದಿದೆ. ಶಿವಪ್ಪನಾಯಕನ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಲ್ಲಿನ ವಿಗ್ರಹದ ಮುಂದೆ ನಿಂತವರು ಅದು ತಮಗಿಂತ ದೊಡ್ಡದು, ಹಳೆಯದು ಎಂದು ತಾವಾಗಿಯೇ ತುಸು ಹಿಂದೆ ನಿಲ್ಲುತ್ತಾರೆ. ಕೌದಿಯ ಮುಂದೆ ಹಾಗಾಗುವುದಿಲ್ಲ. ಅದನ್ನು ಹೊದ್ದು ಮಲಗಿ ಬೆಳೆದವರಿಗೆ ಅದು ಸಂಗ್ರಹಾಲಯದ ವಸ್ತುವೆಂದು ಅನ್ನಿಸುವುದೇ ಇಲ್ಲ; ಕೈ ಮುಂದೆ ಹೋಗುತ್ತದೆ, ಅಂಚನ್ನು ಹಿಡಿದು ತಿರುವಿ ಹಿಂಬದಿ ನೋಡುತ್ತದೆ. ರಜೆಯ ದಿನ ನೂರಾರು ಕೈಗಳು ಹಾಗೆ ಬರುತ್ತವೆ. ಬಂದವರಿಗೆ ಅವಮಾನವಾಗದಂತೆ ಆ ಕೈಗಳನ್ನು ಬೇರೆಡೆಗೆ ತಿರುಗಿಸುವುದೇ ನಿಮ್ಮ ಮುಖ್ಯ ಕೆಲಸ, ಉಳಿದದ್ದೆಲ್ಲ ಅದರ ಸುತ್ತ ಬರುವಂಥದ್ದು.

ಒಪ್ಪಿಕೊಳ್ಳುವ ಮೊದಲು

ದಿನಗೂಲಿ ಎಷ್ಟು, ವಾರದ ರಜೆ ಯಾವ ದಿನ, ಮಧ್ಯಾಹ್ನದ ಊಟ ಅಲ್ಲೇ ಸಿಗುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ದೀಪಾವಳಿಯ ಮೂರು ದಿನ ನಿಮ್ಮ ಮನೆಯಲ್ಲೂ ಹಬ್ಬವಿರುತ್ತದೆ, ಅಡಿಕೆ ಕೊಯ್ಲಿನ ಮನೆಯವರಾದರೆ ಡಿಸೆಂಬರಿನಲ್ಲಿ ಅಲ್ಲೂ ಕೈ ಬೇಕಾಗುತ್ತದೆ. ಯಾವ ದಿನ ಬರಲಾಗುವುದಿಲ್ಲ ಎಂಬುದನ್ನು ಸೇರುವಾಗಲೇ ಹೇಳಿಬಿಡುವುದು ಒಳ್ಳೆಯದು. ಸಂಜೆಯ ಕೊನೆಯ ಬಸ್ಸಿನ ವೇಳೆಯನ್ನೂ ಹೇಳಿ. ಐದೂವರೆಗೆ ಬಾಗಿಲು ಹಾಕುತ್ತೇವೆ ಎಂದು ಫಲಕದಲ್ಲಿದ್ದರೂ ರಜೆಯಲ್ಲಿ ಆರೂವರೆಯಾಗುತ್ತದೆ, ಮಲೆನಾಡಿನ ಒಳದಾರಿಗಳಲ್ಲಿ ಬಸ್ಸು ಅಷ್ಟರವರೆಗೆ ಕಾಯುವುದಿಲ್ಲ.

ದಟ್ಟಣೆ ಆರಂಭವಾಗುವ ಮುನ್ನ

ಕೌದಿಗೆ ಮಲೆನಾಡಿನಲ್ಲಿ ದೊಡ್ಡ ಶತ್ರು ತೇವ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಅರ್ಧ ಮಳೆ ಬೀಳುವ ಊರಿನಲ್ಲೂ ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆ ಬೆವರುತ್ತಿರುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 65 ದಾಟಿ ಕೆಲವು ದಿನ ಹಾಗೆಯೇ ನಿಂತರೆ ಹತ್ತಿ ಬಟ್ಟೆಯ ಮೇಲೆ ಬೂಷ್ಟು ಹಿಡಿಯುವ ಸಂಭವವಿರುತ್ತದೆ. ಹಾಗಾಗಿ ದಸರೆಗೆ ಮೊದಲು ಪೆಟ್ಟಿಗೆಯಿಂದ ಒಂದೊಂದೇ ಕೌದಿಯನ್ನು ತೆಗೆದು ನೋಡುವ ಕೆಲಸವಿರುತ್ತದೆ, ಹೊಸಬರನ್ನೂ ಅದಕ್ಕೆ ಕರೆಯುತ್ತಾರೆ. ಮನೆಯಲ್ಲಾದರೆ ಮಳೆಗಾಲ ಮುಗಿದ ಮೇಲೆ ಹಾಸಿಗೆ ಹೊದಿಕೆಗಳನ್ನು ಅಂಗಳದ ಬಿಸಿಲಿಗೆ ಹಾಕುವುದು ವಾಡಿಕೆ. ಇಲ್ಲಿ ಆ ಅಭ್ಯಾಸವನ್ನು ಬಿಡಬೇಕು. ಸಂಗ್ರಹದ ಕೌದಿಯನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ಬಿಳಿ ಬಟ್ಟೆಯ ಮೇಲೆ ಹರಡುತ್ತಾರೆಯೇ ಹೊರತು ಬಿಸಿಲಿಗೆ ಒಡ್ಡುವುದಿಲ್ಲ, ಕೋಲಿನಿಂದ ಬಡಿಯುವುದಂತೂ ಇಲ್ಲವೇ ಇಲ್ಲ.

ಕೌದಿಯನ್ನು ಮುಟ್ಟುವ ಮುನ್ನ ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಉದ್ದನೆಯ ಸರ ಅಥವಾ ತಾಳಿ ಇದ್ದರೆ ಒಳಗೆ ಸೇರಿಸಿಕೊಳ್ಳಿ, ಬಾಗಿದಾಗ ಅದು ಸಡಿಲ ಹೊಲಿಗೆಗೆ ಸಿಕ್ಕಿಕೊಂಡರೆ ಇಡೀ ಸಾಲೇ ಬಿಚ್ಚಿಕೊಳ್ಳಬಹುದು. ಆರೇಳು ಪದರದ ಕೌದಿ ನೋಡುವುದಕ್ಕಿಂತ ಭಾರವಾಗಿರುತ್ತದೆ. ಅದನ್ನು ಅಂಚಿನಿಂದ ಎತ್ತಿದರೆ ಇಡೀ ತೂಕ ಅಂಚಿನ ಹಳೆಯ ದಾರದ ಮೇಲೆ ಬೀಳುತ್ತದೆ. ಆದ್ದರಿಂದ ಅಡಿಗೆ ದಪ್ಪನೆಯ ಬಿಳಿ ಬಟ್ಟೆಯನ್ನು ತೂರಿಸಿ, ಇಬ್ಬರು ಆ ಬಟ್ಟೆಯ ನಾಲ್ಕು ಮೂಲೆ ಹಿಡಿದು, ಕೌದಿ ಅದರ ಮೇಲೆ ಮಲಗಿರುವಂತೆಯೇ ಸಾಗಿಸಬೇಕು. ಬಾಗಿಲು ದಾಟುವ ಮೊದಲು ಮುಂದಿನವರು ಹೊಸಿಲು ಬಂತು ಎಂದು ಹೇಳಲಿ. ತೊಟ್ಟಿಮನೆಯ ಹೊಸಿಲುಗಳು ಎತ್ತರ.

ಹರಡಿದ ಮೇಲೆ ನೋಡುವ ಕ್ರಮವನ್ನು ಒಂದು ಕೌದಿಯಿಂದಲೇ ಹೇಳುತ್ತೇನೆ. ನಡುವೆ ಕೆಂಪು ಬಿಳಿಯ ತೋಪು ತೆನೆ ಸೆರಗಿರುವ ಇಳಕಲ್ ಸೀರೆಯ ತುಂಡು, ಸುತ್ತ ಲುಂಗಿಯ ಚೌಕಳಿ, ಒಂದು ಮೂಲೆಯಲ್ಲಿ ಯಾವುದೋ ಕುಪ್ಪಸದ ಹೂ ಅಚ್ಚು, ಹಿಂಬದಿಗೆ ಹಿಟ್ಟಿನ ಚೀಲದ ಬಟ್ಟೆ. ಅದರ ಮೇಲೆ ಮಾಸಿದ ಅಕ್ಷರಗಳು ಇನ್ನೂ ಅರ್ಧಂಬರ್ಧ ಓದಲು ಬರುತ್ತವೆ. ಸೀರೆಯ ಭಾಗ ಗಟ್ಟಿಯಾಗಿದ್ದರೂ ಅದರ ಪಕ್ಕದ ಕಪ್ಪು ತೇಪೆ ಮಾತ್ರ ಬೆರಳು ತಾಗಿದರೆ ಪುಡಿಯಾಗಿ ಉದುರುತ್ತಿರುತ್ತದೆ. ಹಿಂದೆ ಕಬ್ಬಿಣದ ಅಂಶ ಸೇರಿಸಿ ಕಟ್ಟಿದ ಕಪ್ಪು, ಕಡುಗಂದು ಬಣ್ಣಗಳು ಕಾಲಾಂತರದಲ್ಲಿ ನೂಲನ್ನೇ ತಿನ್ನುತ್ತವೆ. ಒಂದೇ ಕೌದಿಯಲ್ಲಿ ಕೆಂಪು ಉಳಿದು ಕಪ್ಪು ಹೋಗುವುದು ಹಲವು ಸಲ ಇದರಿಂದ. ಇಂಥದ್ದನ್ನು ಕಂಡರೆ ಸರಿಪಡಿಸಲು ಹೋಗಬೇಡಿ, ಚಿತ್ರ ತೆಗೆದು, ಯಾವ ಮೂಲೆಯಿಂದ ಎಷ್ಟು ದೂರದಲ್ಲಿದೆ ಎಂದು ಪಟ್ಟಿ ಇಟ್ಟು ಅಳೆದು, ಪುಸ್ತಕದಲ್ಲಿ ಬರೆಯಿರಿ. ರಜೆ ಮುಗಿದ ಮೇಲೆ ಹೊಸ ಹರಿದ ಗಾಯ ಯಾವುದು, ಹಳೆಯದು ಯಾವುದು ಎಂದು ತಿಳಿಯಲು ಈ ಬರಹವೊಂದೇ ಆಧಾರ.

ನೇತು ಹಾಕುವುದಕ್ಕೆ ಮೊಳೆ, ಕ್ಲಿಪ್ಪು, ಪಿನ್ನು ಬಳಸುವುದಿಲ್ಲ. ಮೇಲಂಚಿನ ಹಿಂಬದಿಗೆ ಉದ್ದಕ್ಕೂ ಬಟ್ಟೆಯ ಕೊಳವೆಯೊಂದನ್ನು ಹೊಲಿದು, ಅದರೊಳಗೆ ಕೋಲು ತೂರಿಸಿ, ತೂಕ ಇಡೀ ಅಂಚಿಗೆ ಸಮನಾಗಿ ಹಂಚಿಹೋಗುವಂತೆ ತೂಗುಹಾಕುತ್ತಾರೆ. ತೀರ ಸವೆದವನ್ನು ನೇತು ಹಾಕದೆ, ಓರೆಯಾಗಿ ನಿಲ್ಲಿಸಿದ ಹಲಗೆಯ ಮೇಲೆ ಒರಗಿಸಿಡುತ್ತಾರೆ. ಬೆಳಕಿನ ವಿಷಯದಲ್ಲಿ ಜಗತ್ತಿನ ಸಂಗ್ರಹಾಲಯಗಳು ಬಟ್ಟೆಗೆ ಅನುಸರಿಸುವ ಮಿತಿ 50 ಲಕ್ಸ್ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ). ಬಿಸಿಲಿನ ಅಂಗಳದಲ್ಲಿ ಅದು 50,000 ದಾಟುತ್ತದೆ ಎಂಬುದನ್ನು ನೆನೆದರೆ ತೊಟ್ಟಿಯಿಂದ ಬೀಳುವ ಮಧ್ಯಾಹ್ನದ ಬೆಳಕು ಎಷ್ಟು ಅಪಾಯದ್ದೆಂದು ತಿಳಿಯುತ್ತದೆ. ಬಿಸಿಲು ನೆಲದ ಮೇಲೆ ಎಲ್ಲಿಂದ ಎಲ್ಲಿಗೆ ಸರಿಯುತ್ತದೆ ಎಂದು ಒಂದು ದಿನ ಪೂರ್ತಿ ಗಮನಿಸಿ, ಆ ಹಾದಿಗೆ ಪರದೆ ಕಟ್ಟಬೇಕು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಅಕ್ಟೋಬರಿನಲ್ಲಿ ನೆರಳಿದ್ದ ಗೋಡೆಗೆ ಬಿಸಿಲು ಬಂದಿರಬಹುದು; ಪರದೆಯನ್ನು ಮತ್ತೆ ಸರಿಸಬೇಕಾಗುತ್ತದೆ.

ಬೆಳಗಿನ ಮೊದಲ ಗಂಟೆ

ಬೆಳಗ್ಗೆ ಬಂದವರು ಕಿಟಕಿ ತೆರೆಯಲು ಆತುರಪಡಬಾರದು. ಡಿಸೆಂಬರಿನ ಮಂಜು ಒಂಬತ್ತರವರೆಗೂ ಇರುತ್ತದೆ, ಅದು ಕರಗಿ ಬಿಸಿಲು ಏರಿದ ಮೇಲೆ ತೆರೆದರೆ ಸಾಕು. ತೇವಾಂಶ ಮಾಪಕದ ಅಂಕಿಯನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಬರೆದಿಡಿ. ಮಧ್ಯಾಹ್ನ ಎರಡು ಬಸ್ಸಿನ ಜನ ಒಟ್ಟಿಗೆ ನಿಂತು ಉಸಿರಾಡಿದ ಕೋಣೆಯಲ್ಲಿ ಅದು ಏರುವುದನ್ನು ನೀವೇ ನೋಡುತ್ತೀರಿ. ನೆಲಕ್ಕೆ ಪೊರಕೆ ಹಾಕಿದರೆ ಧೂಳೆದ್ದು ಕೌದಿಯ ಮೇಲೆಯೇ ಕೂರುತ್ತದೆ, ಆದ್ದರಿಂದ ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಕೌದಿಯ ಬುಡದಲ್ಲಿ ನುಣುಪಾದ ಪುಡಿ, ಹುಳುವಿನ ಪೊರೆ, ಗೋಡೆಯಂಚಿನಲ್ಲಿ ಗೆದ್ದಲಿನ ಮಣ್ಣಿನ ಗೆರೆ, ಮಾಡಿನಲ್ಲಿ ಮಂಗ ಸರಿಸಿಹೋದ ಹೆಂಚು, ಈ ನಾಲ್ಕನ್ನು ಪ್ರತಿದಿನ ನೋಡಬೇಕು.

ಕೈ ಮುಂದೆ ಬಂದಾಗ

‘ಮುಟ್ಟಬಾರದು’ ಎಂಬ ಫಲಕ ಎಲ್ಲ ಕಡೆ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ‘ಏಯ್, ಮುಟ್ಟಬೇಡಿ’ ಎಂದು ಕೂಗಿದರೆ ಐದು ಜನರ ಮುಂದೆ ಒಬ್ಬರನ್ನು ಕಳ್ಳರಂತೆ ನಿಲ್ಲಿಸಿದ ಹಾಗಾಗುತ್ತದೆ, ಅವರು ಕೈ ತೆಗೆಯುತ್ತಾರೆ, ಆದರೆ ನೋಡುವುದನ್ನೂ ಬಿಟ್ಟು ಹೊರಟುಹೋಗುತ್ತಾರೆ. ಅದಕ್ಕಿಂತ ಮುಟ್ಟಲೆಂದೇ ಇಟ್ಟಿರುವ ಕೌದಿಯನ್ನು ಬಳಸಿಕೊಳ್ಳುವುದು ಮೇಲು. ಬಾಗಿಲ ಹತ್ತಿರ, ಸಂಗ್ರಹಕ್ಕೆ ಸೇರದ, ಹೊಸದಾಗಿ ಹೊಲಿಸಿದ ಕೌದಿಯೊಂದನ್ನು ಮೇಜಿನ ಮೇಲೆ ಹಾಸಿ, ಒಂದು ಬದಿಯನ್ನು ಹೊಲಿಯದೆ ಬಿಟ್ಟು ಒಳಗಿನ ಪದರಗಳು ಕಾಣುವಂತೆ ಮಾಡಿಸಿರಬೇಕು. ಅಂಥದ್ದು ಇಲ್ಲದಿದ್ದರೆ ದಸರೆಗೆ ಮೊದಲೇ ಕೇಳಿ ಮಾಡಿಸಿಕೊಳ್ಳಿ; ನನ್ನ ಅಭಿಪ್ರಾಯದಲ್ಲಿ ಇದು ಗಾಜಿನ ಪೆಟ್ಟಿಗೆಗಿಂತ ಹೆಚ್ಚು ಕೌದಿಗಳನ್ನು ಉಳಿಸುತ್ತದೆ.

ಹಿರಿಯ ಹೆಂಗಸೊಬ್ಬರು ನೇತು ಹಾಕಿದ ಕೌದಿಯ ಅಂಚನ್ನು ಹಿಡಿದು ‘ಇದು ನಮ್ಮನೇಲೂ ಇತ್ತು, ನಮ್ಮತ್ತೆ ಹೊಲಿದಿದ್ದು’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಹತ್ತಿರ ಹೋಗಿ ‘ಹೌದಾ ಅಮ್ಮ, ನಿಮ್ಮತ್ತೆ ಎಷ್ಟು ಪದರ ಹಾಕ್ತಿದ್ರು? ಇಲ್ಲಿ ಬನ್ನಿ, ಇದನ್ನ ಮುಟ್ಟಿ ನೋಡಿ ಹೇಳಿ, ಇಷ್ಟು ದಪ್ಪ ಇರ್ತಿತ್ತಾ?’ ಎಂದು ಮೇಜಿನ ಕಡೆಗೆ ಕರೆದರೆ ಅವರು ತಾವಾಗಿಯೇ ಕೈ ಬಿಟ್ಟು ಬರುತ್ತಾರೆ. ಅಲ್ಲಿ ನಿಂತು ಅವರು ಹೇಳುವ ಮಾತುಗಳಲ್ಲಿ ನಿಮಗೆ ಗೊತ್ತಿಲ್ಲದ ಹತ್ತು ಸಂಗತಿಗಳಿರುತ್ತವೆ: ಹರಿದ ಪಂಚೆಯನ್ನು ಯಾವ ಪದರಕ್ಕೆ ಹಾಕುತ್ತಿದ್ದರು, ಕೂಸಿನ ಕೌದಿಗೆ ಎಷ್ಟು ಮೆತ್ತನೆಯ ಸೀರೆ ಆರಿಸುತ್ತಿದ್ದರು, ದಾರಕ್ಕೆ ಜೇನುಮೇಣ ತೀಡುತ್ತಿದ್ದರೇ ಇಲ್ಲವೇ. ಪಕ್ಕದಲ್ಲಿ ಒಂದು ನೋಟ್‌ಪುಸ್ತಕವಿರಲಿ. ಊರು, ಸಂಗತಿ, ದಿನಾಂಕ ಬರೆದಿಡಿ. ಹೆಸರನ್ನು ಮಾತ್ರ ಕೇಳಿ ಒಪ್ಪಿದರೆ ಬರೆಯಿರಿ.

ಎಲೆಯಡಿಕೆ ಹಾಕಿಕೊಂಡು ಬರುವವರಿಗೆ ಜಗಲಿಯಲ್ಲಿಯೇ ‘ಬಾಯಿ ಮುಕ್ಕಳಿಸಿಕೊಂಡು ಬನ್ನಿ ಮಾರಾಯ್ರೆ’ ಎಂದು ನೀರು ಕೊಡುವುದು ನಮ್ಮ ಕಡೆ ಯಾರಿಗೂ ಬೇಸರವಾಗದ ಉಪಾಯ. ಚಪ್ಪಲಿ, ಒದ್ದೆ ಕೊಡೆ, ಬೆನ್ನಿನ ಚೀಲ ಎಲ್ಲ ಅಲ್ಲಿಯೇ ಉಳಿಯಲಿ. ಬೆನ್ನಿನ ಚೀಲ ಹೊತ್ತವರು ಹಿಂತಿರುಗಿದಾಗ ಆಗುವ ಹಾನಿ ಕೈಯಿಂದ ಆಗುವುದಕ್ಕಿಂತ ಹೆಚ್ಚು, ಅವರಿಗೆ ಅದು ಗೊತ್ತೂ ಆಗುವುದಿಲ್ಲ. ಮೊಬೈಲಿನಲ್ಲಿ ಚಿತ್ರ ತೆಗೆಯಲು ಬಿಟ್ಟರೆ ಫ್ಲಾಷ್ ಆರಿಸಿರುವುದನ್ನು ನೋಡಿಕೊಳ್ಳಿ, ಸೆಲ್ಫಿಗೆಂದು ಕೌದಿಗೆ ಒರಗುವವರಿಗೆ ಎರಡಡಿ ದೂರದಲ್ಲಿ ನೆಲದ ಮೇಲೆ ಒಂದು ಗೆರೆ ತೋರಿಸಿ.

ಶಾಲಾ ಪ್ರವಾಸದ ಬಸ್ಸು

ಡಿಸೆಂಬರಿನಲ್ಲಿ ಶಾಲಾ ಪ್ರವಾಸಗಳು ಒಂದರ ಹಿಂದೆ ಒಂದು ಬರುತ್ತವೆ. ಒಂದು ಬಸ್ಸಿನ ಮಕ್ಕಳನ್ನೆಲ್ಲ ಒಟ್ಟಿಗೆ ಒಳಗೆ ಬಿಡಬೇಡಿ. ಅರ್ಧ ಮಕ್ಕಳು ಒಳಗೆ ನೋಡುತ್ತಿರುವಾಗ ಉಳಿದರ್ಧ ಜಗಲಿಯಲ್ಲಿ ಹೊಲಿಗೆಗೆ ಕೂರಲಿ, ಆಮೇಲೆ ಅದಲುಬದಲಾಗಲಿ. ಒಳಗೆ ಹೋಗುವವರಿಗೆ ಹುಡುಕುವ ಕೆಲಸ ಕೊಡಿ: ಶಾಲೆಯ ಸಮವಸ್ತ್ರದ ಬಟ್ಟೆ ಯಾವ ಕೌದಿಯಲ್ಲಿದೆ, ಲುಂಗಿ ಎಲ್ಲಿದೆ, ಅಕ್ಷರವಿರುವ ಬಟ್ಟೆ ಎಲ್ಲಿದೆ. ಕಣ್ಣಿಗೆ ಕೆಲಸ ಸಿಕ್ಕ ಮಗುವಿನ ಕೈ ಸುಮ್ಮನಿರುತ್ತದೆ.

ಹೊಲಿಗೆಯ ಸರದಿಗೆ ಮೊಂಡು ತುದಿಯ ದಪ್ಪ ಸೂಜಿಗಳನ್ನೇ ಕೊಡಬೇಕು, ಅದೂ ಲೆಕ್ಕ ಹಾಕಿ. ಕೆಂಪು ಬಟ್ಟೆಯ ಮೇಲೆ ಹತ್ತರ ಸಾಲುಗಳಲ್ಲಿ ಸೂಜಿ ಚುಚ್ಚಿಟ್ಟುಕೊಂಡರೆ ಯಾವ ಸಾಲಿನಲ್ಲಿ ಖಾಲಿ ಇದೆ ಎಂದು ದೂರದಿಂದಲೇ ಕಾಣುತ್ತದೆ. ಕೊನೆಯ ಸೂಜಿ ವಾಪಸು ಬರುವವರೆಗೆ ಮಕ್ಕಳು ಏಳಬಾರದು. ಬರಿಗಾಲಲ್ಲಿ ಓಡಾಡುವ ಮನೆಯಲ್ಲಿ ಒಂದು ಸೂಜಿ ಕಳೆದರೆ ಸಂಜೆಯವರೆಗೆ ಯಾರಿಗೂ ನೆಮ್ಮದಿಯಿರುವುದಿಲ್ಲ. ದೊಡ್ಡದೊಂದು ಅಯಸ್ಕಾಂತ ಇಟ್ಟುಕೊಂಡಿರಿ.

ಕೇಳುವ ಪ್ರಶ್ನೆಗಳಿಗೆ ಸಿದ್ಧರಾಗಿರುವುದು

ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ, ಕೆಲವು ಸಂಗತಿಗಳು ಖಚಿತವಾಗಿ ತಿಳಿದಿದ್ದರೆ ಸಾಕು. ಕೌದಿಯೆಂದರೆ ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ಸಾಲು ಹೊಲಿಗೆ ಹಾಕಿದ ಹೊದಿಕೆ. ಬಯಲುಸೀಮೆ, ಉತ್ತರ ಕರ್ನಾಟಕದಲ್ಲಿ ಅದರ ಬಳಕೆ ಹೆಚ್ಚು. ಅಮೆರಿಕದ ಕ್ವಿಲ್ಟ್‌ನಲ್ಲಿ ಸಾಮಾನ್ಯವಾಗಿ ಮೇಲ್ಪದರ, ಅಡಿಪದರಗಳ ನಡುವೆ ಹತ್ತಿ ಅಥವಾ ಉಣ್ಣೆಯ ಹಾಸು ಇರುತ್ತದೆ, ನಮ್ಮ ಕೌದಿಯಲ್ಲಿ ನಡುವಿರುವುದೂ ಹಳೆಯ ಬಟ್ಟೆಯೇ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ ಇದರ ಹತ್ತಿರದ ಬಂಧುಗಳು. ವಿದೇಶದಿಂದ ಬಂದವರು ಕೆಂಟಕಿಯ ಪಡುಕಾದಲ್ಲಿ 1991ರಲ್ಲಿ ತೆರೆದ ಕ್ವಿಲ್ಟ್ ಸಂಗ್ರಹಾಲಯದ ಮಾತನ್ನೋ, 1997ರಲ್ಲಿ ನೆಬ್ರಾಸ್ಕಾದ ಲಿಂಕನ್‌ನಲ್ಲಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಆರಂಭವಾದ ಸಂಗ್ರಹದ ಮಾತನ್ನೋ ಎತ್ತಬಹುದು. ಆ ಹೆಸರುಗಳ ಪರಿಚಯವಿದ್ದರೆ ಮಾತು ಮುಂದುವರಿಯುತ್ತದೆ.

ಸಿದ್ದಿಯರ ಕವಂದಿಯ ಬಗ್ಗೆ ಎಚ್ಚರದಿಂದ ಮಾತಾಡಬೇಕು. ನಮ್ಮ ಪಕ್ಕದ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ತಾಲೂಕುಗಳಲ್ಲಿ ಸಿದ್ದಿ ಹೆಂಗಸರು ಹೊಲಿಯುವ ಈ ಹೊದಿಕೆಯನ್ನು ಹೊರ ಅಂಚಿನಿಂದ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ತ್ರಿಕೋನವಾಗಿ ಮಡಿಸಿದ ಬಟ್ಟೆಯ ‘ಫೂಲ’ ಇಡುತ್ತಾರೆ. ಹೊಲಿಗೆಯ ಸಾಲನ್ನು ಬೆರಳು ತಾಗಿಸದೆ ಗಾಳಿಯಲ್ಲೇ ಹಿಂಬಾಲಿಸಿ ತೋರಿಸಿದರೆ ನೋಡುವವರಿಗೆ ತಕ್ಷಣ ತಿಳಿಯುತ್ತದೆ. ‘ಆಫ್ರಿಕಾದವರು ಮಾಡಿದ್ದಂತೆ’ ಎಂದು ಯಾರಾದರೂ ಹೇಳಿದರೆ, ಅವರ ಪೂರ್ವಜರು ಆಫ್ರಿಕಾದಿಂದ ಬಂದವರಾದರೂ ಅವರು ತಲೆಮಾರುಗಳಿಂದ ಇದೇ ಘಟ್ಟದ ಕಾಡಂಚಿನಲ್ಲಿರುವ ನಮ್ಮ ನೆರೆಯವರು ಎಂದು ಮೆಲ್ಲಗೆ ತಿದ್ದಿ.

ಮಾರಾಟದ ಮೇಜಿನಲ್ಲಿ ಬರುವ ಪ್ರಶ್ನೆ ಒಂದೇ: ‘ಹಳೇ ಬಟ್ಟೆಗೆ ಇಷ್ಟೊಂದಾ?’ ಬೆಲೆಯನ್ನು ಸಮರ್ಥಿಸಲು ಹೋಗದೆ ಹೊಲಿಗೆಯ ಒಂದು ಸಾಲನ್ನು ತೋರಿಸಿ, ಇಂಥ ಸಾಲು ಎಷ್ಟಿವೆ ಎಂದು ಅವರಿಗೇ ಎಣಿಸಲು ಹೇಳಿ. ಹಲವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಕರೆಂಟು ಹೋದಾಗ ಮೊಬೈಲ್ ಹಣ ಪಾವತಿ ನಡೆಯದಿರಬಹುದು, ಚಿಲ್ಲರೆ ಇಟ್ಟುಕೊಂಡಿರಿ.

ಹಬ್ಬ ಒಳಗೆ ಬಂದಾಗ

ಆಯುಧಪೂಜೆಯ ದಿನ ಕತ್ತರಿ, ಸೂಜಿ, ಹೊಲಿಗೆ ಯಂತ್ರಕ್ಕೆ ಪೂಜೆ ಮಾಡದೆ ಇರುವುದು ಸಾಧ್ಯವಿಲ್ಲ, ಮಾಡಬಾರದೆಂದು ಹೇಳುವುದೂ ಸರಿಯಲ್ಲ. ಆದರೆ ಅದು ಜಗಲಿಯಲ್ಲಿ ನಡೆಯಲಿ. ಅರಿಸಿನ ಕುಂಕುಮದ ಪುಡಿ ಗಾಳಿಗೆ ಹಾರಿ ಹತ್ತಿಗೆ ಕೂತರೆ ತೆಗೆಯುವುದು ಕಷ್ಟ. ಅರಿಸಿನದ ಕಲೆಗೆ ಸೋಪು ತಾಗಿಸಿದರೆ ಅದು ಕೆಂಪಾಗಿ ಇನ್ನಷ್ಟು ಎದ್ದು ಕಾಣುತ್ತದೆ. ಪೂಜೆ ಮುಗಿಸಿದವರು ಕೈ ತೊಳೆಯದೆ ಒಳಗೆ ಬರಬಾರದು. ಚೆಂಡುಹೂವಿನ ಮಾಲೆಯನ್ನು ಹೊರಬಾಗಿಲಿಗೆ ಮಾತ್ರ ಕಟ್ಟಿ, ಹೂವಿನ ಜೊತೆ ಹುಳುಗಳೂ ಬರುತ್ತವೆ. ಕುಂಬಳಕಾಯಿ ಅಂಗಳದಾಚೆ ಒಡೆಯಲಿ.

ದೀಪಾವಳಿಯ ರಾತ್ರಿ ಅಂಟಿಗೆ ಪಿಂಟಿಗೆಯವರು ದೀಪ ಹಿಡಿದು ಹಾಡುತ್ತ ಮನೆಮನೆಗೆ ಬರುವ ಊರಾದರೆ ಅವರನ್ನು ಜಗಲಿಯಲ್ಲಿ ಕೂರಿಸಿ ಮರ್ಯಾದೆ ಮಾಡಿ ಕಳಿಸುವ ಏರ್ಪಾಡು ಮೊದಲೇ ಆಗಿರಬೇಕು, ಒಳಬಾಗಿಲು ಹಾಕಿರಬೇಕು. ಒಳಗೆ ಹಣತೆ, ಊದುಬತ್ತಿ, ಮೇಣದಬತ್ತಿ ಯಾವುದೂ ಬೇಡ. ಕರೆಂಟು ಹೋದರೆ ಟಾರ್ಚು. ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ, ಅದರ ಪಿನ್ನು ಹೇಗೆ ಎಳೆಯಬೇಕು ಎಂದು ಮೊದಲ ದಿನವೇ ಕೇಳಿ ತಿಳಿಯಿರಿ.

ಕೌದಿ ತಂದು ಕೊಡುವವರು

ರಜೆಗೆ ಊರಿಗೆ ಬಂದ ಮಕ್ಕಳು ಅಟ್ಟ ಖಾಲಿ ಮಾಡುವಾಗ ಸಿಕ್ಕ ಕೌದಿಯನ್ನು ಗೋಣಿಚೀಲದಲ್ಲಿ ಹಾಕಿ ತಂದು ಕೊಡುತ್ತಾರೆ. ಬಂದದ್ದನ್ನು ಎಷ್ಟೇ ಚೆನ್ನಾಗಿದ್ದರೂ ನೇರವಾಗಿ ಒಳಗೆ ಒಯ್ಯಬೇಡಿ. ಅದರ ಮಡಿಕೆಯಲ್ಲಿರುವ ಜಿರಳೆ, ನುಸಿಯ ಮೊಟ್ಟೆ ಇಡೀ ಸಂಗ್ರಹಕ್ಕೆ ಹರಡಬಹುದು. ಹೊರಕೋಣೆಯಲ್ಲಿಯೇ ದಪ್ಪ ಪಾಲಿಥೀನ್ ಚೀಲದಲ್ಲಿ ಬಾಯಿ ಬಿಗಿದು ಇಡಿ. ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಒಂದೆರಡು ವಾರ ಇಡಬೇಕೇ ಎಂಬುದನ್ನು ಸಂಗ್ರಹ ನೋಡಿಕೊಳ್ಳುವವರು ತೀರ್ಮಾನಿಸುತ್ತಾರೆ. ನುಸಿ ಗುಳಿಗೆ ಹಾಕಬೇಡಿ, ಬೇವಿನ ಸೊಪ್ಪನ್ನು ಬಟ್ಟೆಗೆ ತಾಗುವಂತೆಯೂ ಇಡಬೇಡಿ.

ನಿಮ್ಮ ಪಾಲಿನ ಕೆಲಸ ಕೊಟ್ಟವರು ಹೊರಡುವ ಮೊದಲು ಕೇಳಿ ಬರೆದುಕೊಳ್ಳುವುದು. ಯಾರು ಹೊಲಿದದ್ದು, ಯಾವ ಊರಲ್ಲಿ, ಸುಮಾರು ಯಾವ ಕಾಲದಲ್ಲಿ, ಈ ಸೀರೆ ಯಾರದು, ಯಾವ ಸಂದರ್ಭಕ್ಕೆ ತೆಗೆದದ್ದು, ಯಾರು ಹೊದೆಯುತ್ತಿದ್ದರು. ಹೆಸರಿಲ್ಲದ ಕೌದಿ ಸಂಗ್ರಹದಲ್ಲಿ ಬಟ್ಟೆಯಾಗಿ ಮಾತ್ರ ಉಳಿಯುತ್ತದೆ, ಆಮೇಲೆ ಎಷ್ಟು ಹುಡುಕಿದರೂ ಹೊಲಿದವರ ಹೆಸರು ಸಿಗುವುದಿಲ್ಲ. ಸ್ವೀಕರಿಸುತ್ತೇವೆ ಎಂದು ಮಾತು ಕೊಡಬೇಡಿ. ತಾತ್ಕಾಲಿಕವಾಗಿ ಪಡೆದುಕೊಂಡಿದ್ದೇವೆ ಎಂಬ ರಸೀದಿ ಕೊಡಿ. ಬೇಡವೆನ್ನಬೇಕಾಗಿ ಬಂದರೆ ಅದನ್ನು ಹೇಳುವುದು ಹಿರಿಯರ ಕೆಲಸ, ನಿಮ್ಮದಲ್ಲ.

ನೀರು ಬಿದ್ದರೆ

ಡಿಸೆಂಬರಿನಲ್ಲೂ ಒಮ್ಮೊಮ್ಮೆ ಚಂಡಮಾರುತದ ಮಳೆ ಬರುತ್ತದೆ. ಸರಿದ ಹೆಂಚಿನಿಂದ ಸೋರಿ ಕೌದಿ ನೆನೆದರೆ ಹಿಂಡಬೇಡಿ, ತಂತಿಗೆ ಹಾಕಬೇಡಿ. ನೆನೆದ ಕೌದಿಯ ತೂಕವನ್ನು ಹಳೆಯ ದಾರ ತಡೆಯುವುದಿಲ್ಲ. ಅಡಿಗೆ ಬಟ್ಟೆ ಕೊಟ್ಟು ಎತ್ತಿ, ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ಬಿಳಿ ಟವೆಲ್ಲಿನಿಂದ ಒತ್ತಿ ಒತ್ತಿ ನೀರು ಹೀರಿಸಿ, ಫ್ಯಾನಿನ ಗಾಳಿಗೆ ಬಿಡಿ. ಬಣ್ಣ ಹರಡುತ್ತಿದ್ದರೆ ಆ ತುಂಡಿನ ಸುತ್ತ ಒಣ ಟವೆಲ್ ಒತ್ತಿಟ್ಟು ಆಗಾಗ ಬದಲಾಯಿಸಿ. ಮೊದಲ ಕರೆ ಮಾತ್ರ ಮೇಲ್ವಿಚಾರಕರಿಗೇ ಹೋಗಬೇಕು.

ಸಂಕ್ರಾಂತಿ ಕಳೆದ ಮೇಲೆ

ಜನ ಕಡಿಮೆಯಾದ ಮೇಲೆ ಇನ್ನೂ ಒಂದು ವಾರದ ಕೆಲಸವಿರುತ್ತದೆ. ಮೂರು ತಿಂಗಳು ಬೆಳಕಿನಲ್ಲಿದ್ದ ಕೌದಿಗಳನ್ನು ಇಳಿಸಿ, ಆರಂಭದಲ್ಲಿ ಬರೆದ ಪುಸ್ತಕವನ್ನೂ ಚಿತ್ರಗಳನ್ನೂ ಎದುರಿಗಿಟ್ಟುಕೊಂಡು ಒಂದೊಂದನ್ನೇ ಹೋಲಿಸಿ ನೋಡುತ್ತೀರಿ. ಮೇಲಿನ ಧೂಳನ್ನು ತೆಗೆಯಲು ಕೌದಿಯ ಮೇಲೆ ತೆಳುವಾದ ನೈಲಾನ್ ಜಾಲರಿ ಹಾಸಿ, ಕಡಿಮೆ ಎಳೆತದಲ್ಲಿ ವ್ಯಾಕ್ಯೂಮ್ ಆಡಿಸುತ್ತಾರೆ. ಆಮೇಲೆ ದಪ್ಪನೆಯ ಕೊಳವೆಗೆ, ಒಗೆದು ಗಂಜಿ ತೆಗೆದ ಬಿಳಿ ಬಟ್ಟೆಯ ಜೊತೆ ಸಡಿಲವಾಗಿ ಸುತ್ತುತ್ತಾರೆ. ಗಂಜಿ ಉಳಿದ ಬಟ್ಟೆಗೆ ಬೆಳ್ಳಿಹುಳು ಬರುತ್ತದೆ. ಸುತ್ತಲಾಗದೆ ಮಡಿಸಬೇಕಾದರೆ ಹಳೆಯ ಮಡಿಕೆಯ ಗೆರೆಯ ಮೇಲೆಯೇ ಮತ್ತೆ ಮಡಿಸದೆ, ಹೊಸ ಮಡಿಕೆಯೊಳಗೆ ಬಟ್ಟೆಯ ಸುರುಳಿ ಇಟ್ಟು ದುಂಡಗೆ ತಿರುಗಿಸಿ.

ಸುರುಳಿಗೆ ಕಟ್ಟುವ ಚೀಟಿಯಲ್ಲಿ ಸಂಖ್ಯೆ, ಹೊಲಿದವರ ಹೆಸರು, ಇಳಿಸಿದ ದಿನಾಂಕ ಇರಲಿ, ಪೆನ್ಸಿಲ್‌ನಲ್ಲಿಯೇ ಬರೆಯಿರಿ. ಇಂಕಿನದು ತೇವಕ್ಕೆ ಹರಡುತ್ತದೆ. ಕೆಲಸ ಬಿಡುವ ದಿನ ಬೀಗದ ಕೈ, ನೋಟ್‌ಪುಸ್ತಕ, ಸೂಜಿಯ ಲೆಕ್ಕ ಒಪ್ಪಿಸಿ, ಅನುಭವ ಪತ್ರ ಕೇಳಿ ಪಡೆಯಿರಿ. ಅದರಲ್ಲಿ ‘ತೃಪ್ತಿಕರ’ ಎಂಬ ಒಂದು ಮಾತಿನ ಬದಲು ನೇತು ಹಾಕುವುದು, ಸ್ಥಿತಿ ದಾಖಲಿಸುವುದು, ಶಾಲಾ ಗುಂಪುಗಳನ್ನು ನಡೆಸುವುದು ಎಂದು ಮಾಡಿದ ಕೆಲಸಗಳನ್ನು ಬಿಡಿಸಿ ಬರೆಸಿಕೊಂಡರೆ ಮುಂದೆ ಬೇರೆ ಸಂಗ್ರಹಾಲಯದಲ್ಲಿ ಕೆಲಸ ಕೇಳುವಾಗ ಉಪಯೋಗಕ್ಕೆ ಬರುತ್ತದೆ.